ಗೋಣಿತಾಟಿನ ಕೆಳಗಿನ ಲಾಂಛನ

ನಮ್ಮ ಬಳಗದ ಪ್ರತಿಯೊಂದು ಕಾರಿನ ಡಿಕ್ಕಿಯಲ್ಲೂ ಮಡಿಸಿಟ್ಟ ಒಂದು ಗೋಣಿತಾಟು ಇರುತ್ತಿತ್ತು. ಆಲೂಗಡ್ಡೆ ತುಂಬುವ ಚೀಲದ ಹೊಲಿಗೆ ಬಿಚ್ಚಿ ಹಾಸಿದರೆ ಕಾರಿನ ಮೂತಿಯನ್ನು ಪೂರ್ತಿ ಮುಚ್ಚುವಷ್ಟು ಅಗಲ ಬರುತ್ತದೆ. ಅದರ ನಾಲ್ಕು ಮೂಲೆಗೂ ಸೆಣಬಿನ ದಾರ ಕಟ್ಟಿರುತ್ತಿದ್ದೆವು. ಕಾರು ರಸ್ತೆಯಲ್ಲಿ ನಿಂತುಹೋದರೆ ಇಳಿದವರು ಮೊದಲು ಮಾಡಬೇಕಾದ ಕೆಲಸವೆಂದರೆ ಆ ತಾಟನ್ನು ತೆಗೆದು ಕಂಪನಿಯ ಲಾಂಛನದ ಮೇಲೆ ಬಿಗಿಯುವುದು. ಬೇರೆಯವರಿಗೆ ಫೋನು ಮಾಡುವುದು, ಮಕ್ಕಳನ್ನು ನೆರಳಿಗೆ ಕರೆದೊಯ್ಯುವುದು ಎಲ್ಲವೂ ಆಮೇಲೆ. ಟ್ರ್ಯಾಕ್ಟರಿನ ಹಿಂದೆ ಹಗ್ಗಕ್ಕೆ ಕಟ್ಟಿಸಿಕೊಂಡು ಹೋಗುತ್ತಿರುವ ಕಾರು ಯಾವ ಕಂಪನಿಯದೆಂದು ಹಾಸನದಲ್ಲಾಗಲಿ, ಅರಕಲಗೂಡಿನಲ್ಲಾಗಲಿ, ಹೊಳೆನರಸೀಪುರದಲ್ಲಾಗಲಿ ಯಾರಿಗೂ ತಿಳಿಯಬಾರದಾಗಿತ್ತು.

ಈ ನಿಯಮವನ್ನು ಬರೆದವಳು ನಾನು.

ನಾನು ಮೈಸೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಹಾಸನದ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಊರಿನ ಪತ್ರಿಕೆಯೊಂದಕ್ಕೆ ವಾರಕ್ಕೊಂದು ಅಂಕಣ ಬರೆಯುತ್ತೇನೆ. ಬಸ್ ನಿಲ್ದಾಣದ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿದ್ದೇಕೆ, ಹೊಸ ಚರಂಡಿ ಒಂದೇ ಮಳೆಗೆ ಕುಸಿದದ್ದೇಕೆ, ಅರ್ಜಿ ಕೊಟ್ಟವರನ್ನು ಮೇಜಿನಿಂದ ಮೇಜಿಗೆ ಓಡಿಸುವುದೇಕೆ ಎಂದು ಕೇಳುತ್ತ ಬಂದವಳು. ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಉತ್ತರ ಬರದಿದ್ದರೆ ಮೇಲ್ಮನವಿ ಹಾಕಿ, ಅದಕ್ಕೂ ಉತ್ತರ ಬರದಿದ್ದರೆ ಆ ಮೌನವನ್ನೇ ಅಚ್ಚು ಹಾಕಿಸುತ್ತಿದ್ದೆ. ಮುಚ್ಚಿಡುವವರ ಬಗ್ಗೆ ನನಗಿದ್ದ ಸಿಟ್ಟು ನಿಜವಾದದ್ದು. ಆ ಸಿಟ್ಟನ್ನು ಹೊತ್ತುಕೊಂಡೇ ಗೋಣಿತಾಟಿಗೆ ದಾರ ಪೋಣಿಸಿದೆ. ಈ ಎರಡು ಕೆಲಸಗಳನ್ನು ಒಂದೇ ಕೈ ಮಾಡುತ್ತಿದೆಯೆಂದು ಆಗ ನನಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಅದಕ್ಕೇ ಇವತ್ತು ಹೆಚ್ಚು ನಾಚಿಕೆಯಾಗುತ್ತದೆ.

ವಿದ್ಯುತ್ ಕಾರು ಅಪ್ಪನ ನಿವೃತ್ತಿಯ ಹಣದಿಂದ ಬಂತು. ಅಪ್ಪ ಗೊರೂರಿನ ನೀರಾವರಿ ವಸತಿಗೃಹದಲ್ಲಿದ್ದುಕೊಂಡು ಸೇವೆಯ ಬಹುಪಾಲನ್ನು ಅಣೆಕಟ್ಟೆಯ ಮೇಲೆ ಕಳೆದವರು. ಬೆಳಗಾದರೆ ನೀರಿನ ಮಟ್ಟ ನೋಡಿ, ಗೇಟುಗಳ ಸುತ್ತ ಒಂದು ಸುತ್ತು ಹಾಕಿ, ಕಂಡದ್ದನ್ನು ಪುಸ್ತಕದಲ್ಲಿ ಬರೆಯುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾಗಿ ಹಾಸನಕ್ಕೆ ಬಂದ ಮೇಲೆ ಅವರಿಗೆ ಒಂದು ಕಾರಿನ ಆಸೆ ಹುಟ್ಟಿತು. ಯಾವ ಕಾರೆಂದು ತೀರ್ಮಾನಿಸಿದ್ದು ನಾನು. ಹೊಗೆಯಿಲ್ಲ, ಸದ್ದಿಲ್ಲ, ಬಂಕಿನ ಮುಂದೆ ಕೈಚಾಚಿ ನಿಲ್ಲುವ ಗೋಜಿಲ್ಲ, ಮಾಡಿದ್ದು ನಮ್ಮ ದೇಶದವರು. ಕಂಪನಿಯ ಮುಖ್ಯಸ್ಥರ ಭಾಷಣಗಳನ್ನು ನಾನು ಫೋನಿನಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿದ್ದೆ. ಆ ಕಾರಿನಲ್ಲಿ ಕೂತರೆ ನಾನು ನ್ಯಾಯದ ಕಡೆ ಕೂತಿದ್ದೇನೆ ಅನ್ನಿಸುತ್ತಿತ್ತು. ನನ್ನ ಉಳಿತಾಯವನ್ನೆಲ್ಲ ಅದೇ ಕಂಪನಿಯ ಷೇರಿನಲ್ಲಿಟ್ಟೆ.

ನಾಲ್ಕು ತಾಲೂಕುಗಳಲ್ಲಿ ಆ ಕಾರು ಇಟ್ಟುಕೊಂಡವರೆಲ್ಲ ಸೇರಿ ಬಳಗವೊಂದನ್ನು ಕಟ್ಟಿಕೊಂಡಿದ್ದೆವು. ಅದಕ್ಕೆ ಹಿರಿಯರಾಗಿದ್ದವರು ಹಾಸನದಲ್ಲಿ ಸಿಮೆಂಟ್ ಅಂಗಡಿ ಇಟ್ಟಿದ್ದ ಸಾಹುಕಾರರು. ಭಾನುವಾರ ಬೆಳಿಗ್ಗೆ ಗೊರೂರಿಗೆ ಹೋಗಿ, ಅಣೆಕಟ್ಟೆಯ ಕೆಳಗೆ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಕಟ್ಟಿಸಿಕೊಂಡು ಬಂದ ಇಡ್ಲಿ ತಿಂದು ಹಿಂತಿರುಗುತ್ತಿದ್ದೆವು. ಅಲ್ಲಿ ನೀರಿನ ಮಾತಿಗಿಂತ ಷೇರಿನ ಮಾತೇ ಹೆಚ್ಚು. ಹೊಸಬರು ಕಾರು ತಂದಾಗ ನಮ್ಮಲ್ಲೊಂದು ಸಂಪ್ರದಾಯವಿತ್ತು. ದೇವಸ್ಥಾನದ ಮುಂದೆ ಕಾರಿಗೆ ಅರಿಸಿನ ಕುಂಕುಮವಿಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾದ ಮೇಲೆ, ಮಾಲೀಕರು ಅಲ್ಲೇ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಆ ಕಂಪನಿಯ ಒಂದು ಷೇರನ್ನಾದರೂ ಕೊಳ್ಳಬೇಕು. ಅದಾದರೆ ಪೂಜೆ ಮುಗಿದಂತೆ. ಪುರೋಹಿತರಿಗೂ ಇದು ಅಭ್ಯಾಸವಾಗಿ, ಷೇರು ಬಂತಾ ಎಂದು ಕೇಳಿಕೊಂಡೇ ತೆಂಗಿನಕಾಯಿ ಕೈಗೆ ತೆಗೆದುಕೊಳ್ಳುತ್ತಿದ್ದರು.

ಮೊದಲು ನಿಂತ ಕಾರು ನಮ್ಮದೇ. ಅರಕಲಗೂಡಿನಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ಬರುತ್ತಿದ್ದೆವು. ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜು ಇದೆಯೆಂದು ಪರದೆ ತೋರಿಸುತ್ತಿತ್ತು. ಇದ್ದಕ್ಕಿದ್ದಂತೆ ಆ ಪರದೆಯೇ ಕಪ್ಪಾಯಿತು. ಕಾರು ತನ್ನ ಪಾಡಿಗೆ ಒಂದಿಷ್ಟು ದೂರ ಉರುಳಿ ನಿಂತಿತು. ಹಿಂದಿನಿಂದ ಬಂದ ಬಸ್ಸು ನಮ್ಮನ್ನು ದಾಟುವಾಗ ನಿಧಾನವಾಯಿತು. ಕಂಡಕ್ಟರು ಬಾಗಿಲಲ್ಲಿ ಜೋತು, ಏನ್ ಸಾ, ಮನೇಲೂ ಕರೆಂಟಿಲ್ಲ ಇಲ್ಲೂ ಇಲ್ವಾ ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅಪ್ಪನೂ ನಕ್ಕರು. ನನಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು. ಆ ವಾರವಷ್ಟೇ ನಾನು ನನ್ನ ಅಂಕಣದಲ್ಲಿ, ಹಳೆಯ ಎಂಜಿನ್ನುಗಳ ಜಂಬವನ್ನು ಇಳಿಸುವ ಕಾರುಗಳು ಬಂದಿವೆಯೆಂದು ಬರೆದಿದ್ದೆ. ಡಿಕ್ಕಿಯಲ್ಲಿ ಅಪ್ಪ ಮಾರುಕಟ್ಟೆಗೆ ಒಯ್ಯುತ್ತಿದ್ದ ಗೋಣಿಚೀಲವಿತ್ತು. ಇಳಿದು ಅದನ್ನು ಹರಿದು ಲಾಂಛನದ ಮೇಲೆ ಕಟ್ಟಿದೆ. ಮುಂದಿನ ಬಸ್ಸಿನವರು ನಕ್ಕರೂ ಯಾರನ್ನು ನೋಡಿ ನಗುತ್ತಿದ್ದೇವೆಂದು ಅವರಿಗೆ ತಿಳಿಯಬಾರದು.

ಪರಿಚಯದವರ ಟ್ರ್ಯಾಕ್ಟರು ಬಂದು ಕಾರನ್ನು ಹೊಳೆನರಸೀಪುರಕ್ಕೆ ಎಳೆದುಕೊಂಡು ಹೋಯಿತು. ಅಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯೊಂದಿದೆ. ಆ ಅಂಗಡಿಯ ಮಿಸ್ತ್ರಿ ಅಪ್ಪನಿಗೆ ಹಳೆಯ ಪರಿಚಯ. ಅವನು ಬಾನೆಟ್ಟು ತೆರೆಸಿ, ಒಳಗಿದ್ದ ಚಿಕ್ಕ ಬ್ಯಾಟರಿಯ ತಂತಿ ಬಿಚ್ಚಿ, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ಮತ್ತೆ ಕೂಡಿಸಿದ. ಪರದೆ ಬೆಳಗಿತು. ಏನೂ ಆಗಿಯೇ ಇಲ್ಲವೆಂಬಂತೆ ಕಾರು ಎದ್ದಿತು. ಪರದೆಯಲ್ಲಿದ್ದ ದೋಷದ ಗುರುತೂ ಅಳಿಸಿಹೋಗಿತ್ತು.

"ಸಾ, ವಾಸಿ ಆಗಿಲ್ಲ ಇದು. ಎದ್ ಕುಂತೈತೆ ಅಷ್ಟೆಯ. ಕಂಪನಿಯೋರ್ಗೆ ತೋರ್ಸ್‌ಬುಡಿ," ಎಂದ ಮಿಸ್ತ್ರಿ.

ನಾವು ತೋರಿಸಲಿಲ್ಲ. ಬಳಗದಲ್ಲಿ ವಿಷಯ ಹೇಳಿದಾಗ ಇನ್ನಿಬ್ಬರು ತಮ್ಮ ಕಾರೂ ಹಾಗೇ ನಿಂತಿತ್ತೆಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. ಕಂಪನಿಗೆ ದೂರು ಕೊಟ್ಟರೆ ಅದು ದಾಖಲಾಗುತ್ತದೆ, ದಾಖಲಾದದ್ದು ಯಾರದೋ ಕೈಗೆ ಸಿಕ್ಕಿ ಇಂಟರ್ನೆಟ್ಟಿಗೆ ಬರುತ್ತದೆ, ಬಂದರೆ ಹೂಡಿಕೆದಾರರು ಬೆದರುತ್ತಾರೆ, ಬೆದರಿದರೆ ಬೆಲೆ ಬೀಳುತ್ತದೆ. ಹೀಗೆ ವಾದಿಸಿದ್ದು ಸಾಹುಕಾರರಲ್ಲ. ಅರ್ಥಶಾಸ್ತ್ರ ಓದಿದವಳು ಒಬ್ಬಳೇ ಇದ್ದೆನಲ್ಲ, ನಾನೇ. ಮುಂದಿನ ಸಾಫ್ಟ್‌ವೇರಿನಲ್ಲಿ ಕಂಪನಿಯವರೇ ಸರಿಪಡಿಸುತ್ತಾರೆ, ಅಲ್ಲಿಯವರೆಗೆ ನಮ್ಮವರನ್ನು ನಾವು ಬೀದಿಯಲ್ಲಿ ಬಿಟ್ಟುಕೊಡಬಾರದು ಎಂದೆ. ಆ ಸಂಜೆಯೇ ಬಳಗದ ವಾಟ್ಸ್ಆ್ಯಪ್ ಗುಂಪಿಗೆ ನಾಲ್ಕು ವಾಕ್ಯ ಬರೆದು ಕಳಿಸಿದೆ. ಗಾಬರಿಯಾಗಬೇಡಿ. ಮೊದಲು ಮುಂಭಾಗವನ್ನು ಮುಚ್ಚಿ. ಫೋಟೋ ತೆಗೆಯಲು ಬಿಡಬೇಡಿ. ಕಂಪನಿಗೆ ಕರೆ ಮಾಡುವ ಮುನ್ನ ಬಳಗಕ್ಕೆ ತಿಳಿಸಿ. ತಪ್ಪಿಲ್ಲದ ಕನ್ನಡ, ಅಚ್ಚುಕಟ್ಟಾದ ವಾಕ್ಯಗಳು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಟ್ರ್ಯಾಕ್ಟರು ಗೊತ್ತುಮಾಡುವ ಕೆಲಸ, ಮನೆಯಲ್ಲೇ ಇರುತ್ತಿದ್ದ ಅಪ್ಪನ ಪಾಲಿಗೆ ಬಂತು.

ತರಗತಿಯಲ್ಲಿ ನಾನು ಪಾಠ ಮಾಡುತ್ತಿದ್ದೆ: ಕೊಳ್ಳುವವನಿಗೂ ಮಾರುವವನಿಗೂ ಒಂದೇ ಸಂಗತಿ ತಿಳಿದಿದ್ದರೆ ಮಾತ್ರ ಬೆಲೆ ಎನ್ನುವುದು ಪ್ರಾಮಾಣಿಕವಾಗಿರುತ್ತದೆ. ಹುಡುಗಿಯರು ಅದನ್ನು ಬರೆದುಕೊಳ್ಳುತ್ತಿದ್ದರು.

ಚನ್ನರಾಯಪಟ್ಟಣದ ಚಾಲಕರೊಬ್ಬರು ನನಗೆ ಪರಿಚಯವಾದದ್ದು ಈ ದಿನಗಳಲ್ಲಿ. ಅವರದು ಸ್ವಂತ ಡೀಸೆಲ್ ಕಾರು. ಶ್ರವಣಬೆಳಗೊಳದ ರೈಲು ನಿಲ್ದಾಣದಲ್ಲಿ ಇಳಿಯುವ ಯಾತ್ರಿಕರನ್ನು ಊರಿನ ಒಂದು ಲಾಡ್ಜಿಗೆ ಕರೆತಂದು, ಮರುದಿನ ಸುತ್ತಮುತ್ತ ತೋರಿಸಿಕೊಂಡು ಬರುವುದು ಅವರ ಕೆಲಸ. ಲಾಡ್ಜಿನವರು ಅವರನ್ನಲ್ಲದೆ ಬೇರೆ ಯಾರನ್ನೂ ಕರೆಯುತ್ತಿರಲಿಲ್ಲ. ಹೇಳಿದ ಹೊತ್ತಿಗೆ ನಿಲ್ದಾಣದಲ್ಲಿ ಕಾರು ಇರುತ್ತದೆಂಬ ಒಂದೇ ಭರವಸೆಯ ಮೇಲೆ ಆ ಸಂಸಾರ ನಡೆಯುತ್ತಿತ್ತು. ನಮ್ಮ ಕಾಲೇಜಿನ ಹುಡುಗಿಯರನ್ನು ಒಮ್ಮೆ ವಿಚಾರ ಸಂಕಿರಣಕ್ಕೆ ಕರೆದೊಯ್ದಾಗ ದಾರಿಯುದ್ದಕ್ಕೂ ವಿದ್ಯುತ್ ಕಾರಿನ ಬಗ್ಗೆ ಕೇಳಿದರು. ನಾನು ದಾರಿಯುದ್ದಕ್ಕೂ ಹೇಳಿದೆ. ನೀವು ಹೇಳ್ತೀರಿ ಅಂತ ತಗಳ್ಳಲ್ಲ ಮೇಡಂ, ನಾನೂ ಕಣ್ಣಲ್ಲಿ ನೋಡ್ಬೇಕು ಎಂದು ನಕ್ಕಿದ್ದರು.

ತಿಂಗಳಾದ ಮೇಲೆ ಅವರ ಫೋನು ಬಂತು.

"ಮೇಡಂ, ನಾನೂ ರೋಡಲ್ಲೇ ಇರೋನು, ನೋಡ್ತಾನೇ ಇವ್ನಿ. ಪೆಟ್ರೋಲ್ ಗಾಡಿ ನಿಂತಿದ್ ನೋಡ್ದೆ, ಡೀಸೆಲ್ದು ನಿಂತಿದ್ ನೋಡ್ದೆ. ನಿಮ್ ಕಂಪನಿದು ಒಂದೂ ನಿಂತಿದ್ ಕಾಣ್ಲಿಲ್ಲ. ತಗಂಬುಡ್ಲಾ?"

ಅಷ್ಟು ಹೊತ್ತಿಗೆ ನಮ್ಮದು ಎರಡನೆಯ ಸಲ ನಿಂತಿತ್ತು. ಬಳಗದಲ್ಲಿ ಇನ್ನೂ ಕೆಲವರದು ನಿಂತಿತ್ತು. ಚಾಲಕರು ಯಾವ ರಸ್ತೆಯಲ್ಲಿ ಕಣ್ಣಿಟ್ಟು ಓಡಾಡುತ್ತಿದ್ದರೋ ಅದೇ ರಸ್ತೆಯಲ್ಲಿ ಒಂದು ಕಾರು ಗೋಣಿತಾಟು ಹೊದ್ದು ಅವರೆದುರೇ ಹಾದುಹೋಗಿರಬಹುದು. ನಾನು ಹೇಳಬಹುದಾಗಿತ್ತು. ತಗೊಳ್ಳಿ ಎಂದೆ.

ಡೀಸೆಲ್ ಕಾರನ್ನು ಮಾರಿ ಇದನ್ನು ತಂದರು. ಚನ್ನರಾಯಪಟ್ಟಣದಲ್ಲಿ ಪೂಜೆಯಾಯಿತು. ಮೆಟ್ಟಿಲ ಮೇಲೆ ಕೂತು, ನಾನೇ ಫೋನಿನಲ್ಲಿ ತೋರಿಸಿಕೊಟ್ಟಂತೆ, ಒಂದು ಷೇರು ಕೊಂಡರು. ನಾನೂ ಕಂಪನಿ ಯಜಮಾನ ಆಗ್ಬುಟ್ಟೆ ಅನ್ನಿ ಎಂದು ಹೆಂಡತಿಯ ಕಡೆ ನೋಡಿ ಮೀಸೆ ತಿರುವಿದರು. ಅವರ ಹೆಂಡತಿ, ಯಜಮಾನ್ರು ಮೊದ್ಲು ಕಾಯಿ ಒಡೀರಿ ಎಂದರು. ಗೋಣಿತಾಟಿನ ವಿಷಯ ಅವರಿಗೆ ಹೇಳಬೇಕಿತ್ತು. ಪೂಜೆಯ ದಿನ ಅಪಶಕುನದ ಮಾತೇಕೆಂದು ಸಾಹುಕಾರರು ಕಣ್ಸನ್ನೆ ಮಾಡಿದರು. ನನಗೂ ಅದೇ ಬೇಕಿತ್ತು.

ಕೆಲವು ತಿಂಗಳು ಚೆನ್ನಾಗಿ ಓಡಿತು. ಆಮೇಲೊಂದು ಮಧ್ಯಾಹ್ನ, ನಿಲ್ದಾಣದಿಂದ ವಯಸ್ಸಾದ ಯಾತ್ರಿಕ ದಂಪತಿಯನ್ನು ಕರೆತರುತ್ತಿದ್ದಾಗ ನಡುರಸ್ತೆಯಲ್ಲಿ ಪರದೆ ಕಪ್ಪಾಯಿತು. ಮುಚ್ಚಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಲಾಂಛನವನ್ನು ಬಿಸಿಲಿಗೆ ತೆರೆದುಕೊಂಡೇ ನಿಂತು, ನೇರವಾಗಿ ಕಂಪನಿಗೆ ಕರೆ ಮಾಡಿ, ಕಂಪನಿಯ ಲಾರಿಯನ್ನೇ ತರಿಸಿದರು. ದಾರಿಯಲ್ಲಿ ನೋಡಿದ ಬಳಗದವರೊಬ್ಬರು ಫೋಟೋ ತೆಗೆದು ಗುಂಪಿಗೆ ಹಾಕಿದರು. ಮುಂಭಾಗ ಮುಚ್ಚುವ ನಿಯಮ ಗೊತ್ತಿಲ್ಲವೇ ಎಂದು ಸಾಹುಕಾರರು ಅದರ ಕೆಳಗೆ ಬರೆದರು. ಹೌದೆನ್ನುವಂತೆ ಹಲವರು ಹೆಬ್ಬೆರಳೆತ್ತಿದರು. ಪೂಜೆಯ ದಿನವೇ ಗುಂಪಿಗೆ ಸೇರಿಸಿಕೊಂಡಿದ್ದರಿಂದ ಚಾಲಕರೂ ಅದನ್ನು ಓದಿದರು.

ಹಾಸನದ ಸರ್ವಿಸ್ ಸೆಂಟರಿನವರು ಕಾರನ್ನು ಪರೀಕ್ಷಿಸಿ, ದೊಡ್ಡ ಬ್ಯಾಟರಿ ಕೆಟ್ಟಿದೆ, ಸರಿಯಿಲ್ಲದ ಲೈನಿನಿಂದ ಚಾರ್ಜು ಮಾಡಿದ್ದೇ ಕಾರಣ, ಇದು ವಾರಂಟಿಗೆ ಬರುವುದಿಲ್ಲ ಎಂದರಂತೆ. ಲೈನು ಸರಿಯಾಗಿದೆಯೆಂದು ಇವರು ಎಷ್ಟು ಹೇಳಿದರೂ ಕೇಳಲಿಲ್ಲ. ತಯಾರಿಕೆಯ ದೋಷವಾಗಿದ್ದರೆ ಬೇರೆ ಕಾರುಗಳಲ್ಲೂ ಕಾಣಬೇಕಿತ್ತಲ್ಲ, ನಿಮ್ಮ ಭಾಗದಿಂದ ಇಂಥ ದೂರು ಒಂದೂ ಬಂದಿಲ್ಲ ಎಂದು ಕಂಪ್ಯೂಟರನ್ನು ತಿರುಗಿಸಿ ತೋರಿಸಿದರಂತೆ.

ಮರುದಿನ ಬೆಳಿಗ್ಗೆ ಚಾಲಕರು ಬಸ್ಸಿನಲ್ಲಿ ಹಾಸನಕ್ಕೆ ಬಂದು ನಮ್ಮ ಮನೆಯ ಬಾಗಿಲಲ್ಲಿ ನಿಂತರು. ಅಪ್ಪ ಒಳಗೆ ಕರೆದು ಕಾಫಿ ಕೊಟ್ಟರು. ಲೋಟವನ್ನು ಮುಟ್ಟದೆ ಚಾಲಕರು ಕೇಳಿದರು:

"ಯಾವ್ದು ಮೇಡಂ ಆ ನಿಯಮ?"

ನಾನು ಹೇಳಿದೆ. ಎಷ್ಟು ಸುತ್ತಿ ಬಳಸಿ ಹೇಳಿದರೂ ಆ ಮಾತು ಒಂದೇ ವಾಕ್ಯಕ್ಕೆ ಬಂದು ನಿಂತಿತು. ಅವರು ಅಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು.

"ಅಂಗಾರೆ ನಿಂತವೆ. ನಿಂತಿದ್ದ ಮುಚ್ಚವ್ರೆ. ನಾನ್ ಕಾಣ್ಲಿಲ್ಲ ಅಂತ ತಗಂಡೆ."

ಬೈಯಲಿಲ್ಲ. ತಮಗೆ ಬೇಕಾದದ್ದನ್ನು ಕೇಳಿದರು. ನಮ್ಮ ಕಾರುಗಳೂ ಹೀಗೇ ನಿಂತಿದ್ದವೆಂದು ಒಂದಿಬ್ಬರಾದರೂ ಬರೆದು ಸಹಿ ಹಾಕಿಕೊಟ್ಟರೆ ಕಂಪನಿಯವರು ಇದನ್ನು ತಯಾರಿಕೆಯ ದೋಷವೆಂದು ಒಪ್ಪಲೇಬೇಕಾಗುತ್ತದೆ, ಹೊಸ ಬ್ಯಾಟರಿ ಬರುತ್ತದೆ. ಲಾಡ್ಜಿನವರು ಹೆಚ್ಚು ದಿನ ಕಾಯುವುದಿಲ್ಲ. ಅವರು ಬೇರೆಯವರನ್ನು ಗೊತ್ತುಮಾಡಿಕೊಂಡುಬಿಟ್ಟರೆ ಬ್ಯಾಟರಿ ಬಂದರೂ ಓಡಿಸಲು ಯಾತ್ರಿಕರಿರುವುದಿಲ್ಲ. ಬರೆದುಕೊಡುತ್ತೇನೆ, ಸ್ವಲ್ಪ ಸಮಯ ಕೊಡಿ ಎಂದೆ. ಕಚೇರಿಗಳಲ್ಲಿ ನನಗೆ ಹೇಳುತ್ತಿದ್ದ ಮಾತೇ ಇದೆಂದು ಹೇಳಿದ ಮೇಲೆ ಗೊತ್ತಾಯಿತು. ಆದರೂ ಹಿಂತೆಗೆದುಕೊಳ್ಳಲಿಲ್ಲ.

ಭಾನುವಾರ ಗೊರೂರಿನಲ್ಲಿ ವಿಷಯ ಎತ್ತಿದೆ. ಕಂಪನಿಯ ಮೂರು ತಿಂಗಳ ಫಲಿತಾಂಶ ಇಷ್ಟರಲ್ಲೇ ಹೊರಬೀಳಲಿತ್ತು. ದೊಡ್ಡದೊಂದು ಸರ್ಕಾರಿ ಖರೀದಿ ಸಿಕ್ಕಿದೆಯೆಂಬ ಗಾಳಿಮಾತಿಗೇ ಬೆಲೆ ದಿನದಿನವೂ ಏರುತ್ತಿತ್ತು. ಸಾಹುಕಾರರು ಇಡ್ಲಿಯ ಎಲೆಯನ್ನು ಮಡಿಸುತ್ತ ಹೇಳಿದರು:

"ಏನಮ್ಮ, ಒಬ್ಬನ ಬ್ಯಾಟ್ರಿಗೋಸ್ಕರ ಎಲ್ರ ಮನೆ ಹಂಚು ಕೀಳ್ಬೇಕಾ? ಫಲಿತಾಂಶ ಬರ್ಲಿ. ಆಮೇಲೆ ನಾನೇ ಮೊದ್ಲು ಸೈನ್ ಹಾಕ್ತೀನಿ."

ಎಲ್ಲರೂ ನನ್ನ ಕಡೆ ನೋಡಿದರು. ಪತ್ರಿಕೆಯಲ್ಲಿ ಅಧಿಕಾರಿಗಳನ್ನು ಕಟಕಟೆಗೆ ಎಳೆಯುವವಳು ಏನಾದರೂ ಹೇಳುತ್ತಾಳೆಂದು ಕಾದಿದ್ದರೇನೋ. ನಾನು ಚಟ್ನಿಗೆ ಕೈ ಚಾಚಿದೆ.

ಆ ದಿನಗಳಲ್ಲಿ ಚಾಲಕರು ಮೂರು ಸಲ ಫೋನು ಮಾಡಿದರು. ಮೊದಲ ಸಲ, ಬರೆಯುತ್ತಿದ್ದೇನೆ ಎಂದೆ. ಎರಡನೆಯ ಸಲ, ಬೇರೆಯವರ ಸಹಿಗಾಗಿ ಕಾಯುತ್ತಿದ್ದೇನೆ ಎಂದೆ. ಎರಡೂ ಸುಳ್ಳು. ಫಲಿತಾಂಶದ ದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಒಂದು ಪೀರಿಯಡ್ಡಿಗೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ, ಬೆಲೆ ನೋಡಿದೆ. ಹಿಂದೆಂದೂ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ. ನನ್ನ ಷೇರುಗಳನ್ನೆಲ್ಲ ಮಾರಿದೆ.

ಅದಕ್ಕೆ ನಾನು ಕಟ್ಟಿಕೊಂಡ ಸಮರ್ಥನೆಯನ್ನೂ ಬರೆಯಲೇಬೇಕು. ಏಕೆಂದರೆ ಅದು ಓದಿದವರು ಮಾತ್ರ ಕಟ್ಟಬಲ್ಲ ಸಮರ್ಥನೆ. ಒಂದು ಕಂಪನಿಯ ವಿರುದ್ಧ ಸಾಕ್ಷಿ ಹೇಳುವವಳಿಗೆ ಆ ಕಂಪನಿಯಲ್ಲಿ ಹಿತಾಸಕ್ತಿ ಇರಬಾರದು. ಆದ್ದರಿಂದ ಮೊದಲು ಷೇರು ಮಾರಿ, ಕೈ ತೊಳೆದುಕೊಂಡು, ಆಮೇಲೆ ಸತ್ಯ ಬರೆಯುವುದೇ ನೈತಿಕವಾಗಿ ಸರಿ. ಎಷ್ಟು ಸೊಗಸಾಗಿದೆ. ನಾನು ಮಾರಿದ ಷೇರನ್ನು ಆ ಗಳಿಗೆಯಲ್ಲಿ ಎಲ್ಲೋ ಒಬ್ಬರು ಕೊಂಡಿದ್ದಾರೆ. ನನಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ತರಗತಿಯಲ್ಲಾಗಿದ್ದರೆ ಇದಕ್ಕೆ ಏನೆನ್ನುತ್ತಾರೆಂದು ಹುಡುಗಿಯರಿಂದ ಹೇಳಿಸುತ್ತಿದ್ದೆ. ಮಾರಿದ ಮೇಲೆ ಗುಂಪಿಗೆ ಹೋಗಿ, ಫಲಿತಾಂಶಕ್ಕೆ ಎಲ್ಲರಿಗೂ ಅಭಿನಂದನೆಗಳು ಎಂದು ಬರೆದೆ. ಮಧ್ಯಾಹ್ನ ಚಾಲಕರ ಮೂರನೆಯ ಫೋನು ಬಂತು. ಇನ್ನೇನು ಆಯಿತು ಎಂದೆ.

ಕಾಗದ ಬರೆಯಲು ಕೂತದ್ದು ಅದಾಗಿ ಹದಿನೈದು ದಿನದ ಮೇಲೆ. ಬಳಗದವರಲ್ಲಿ ಯಾರೂ ಸಹಿ ಹಾಕಲು ಒಪ್ಪಲಿಲ್ಲ. ಸಾಹುಕಾರರಿಗೆ ಫೋನು ಮಾಡಿದರೆ, ಬೆಲೆ ಇನ್ನೂ ಏರೋ ಹಂಗೈತೆ, ಸ್ವಲ್ಪ ತಾಳಮ್ಮ ಎಂದರು. ನಾನು ಮಾತ್ರ ಬರೆಯುವುದೆಂದರೂ ಯಾವ ದಿನ, ಯಾವ ರಸ್ತೆಯಲ್ಲಿ ಎಂದು ನನಗೆ ನೆನಪಿರಲಿಲ್ಲ. ನಾನು ತಡವರಿಸುತ್ತಿದ್ದುದನ್ನು ನೋಡಿ ಅಪ್ಪ ಒಳಗಿನಿಂದ ಒಂದು ಡೈರಿ ತಂದು ಮೇಜಿನ ಮೇಲಿಟ್ಟರು. ಬಳಗದ ಯಾವ ಕಾರು ಎಲ್ಲಿ ನಿಂತಿತು, ಎಷ್ಟು ಹೊತ್ತಿಗೆ, ಚಾರ್ಜು ಎಷ್ಟು ತೋರಿಸುತ್ತಿತ್ತು, ಮಳೆಯಿತ್ತೋ ಬಿಸಿಲಿತ್ತೋ, ಎಲ್ಲವೂ ಅವರ ದುಂಡಗಿನ ಅಕ್ಷರದಲ್ಲಿತ್ತು. ಟ್ರ್ಯಾಕ್ಟರಿಗಾಗಿ ಯಾರು ಫೋನು ಮಾಡಿದರೂ ಕೇಳಿ ಬರೆದಿಟ್ಟುಕೊಂಡಿದ್ದರು. ಮೊದಲ ಪುಟದ ಮೊದಲ ಸಾಲು ನಮ್ಮ ಕಾರಿನದು, ಅರಕಲಗೂಡಿನ ರಸ್ತೆಯದು.

"ಗೇಟ್ ಸೋರಿದ್ದನ್ನ ಬರೀದೆ ಇದ್ದಿದ್ರೆ ನನ್ನ ಕೆಲ್ಸ ಹೋಗೋದು ಮಗ," ಎಂದರು ಅಪ್ಪ. "ಇಲ್ಲಿ ಬರ್ದೂ ಬರ್ದೂ ಒಳಗಿಟ್ಟೆ ನೋಡು. ನೀನು ಓದಿರೋಳು, ಏನೋ ತಿಳ್ಕಂಡೇ ಹೇಳ್ತಿರ್ತೀಯ ಅಂತ."

ನನ್ನ ಸಹಿಯ ಕೆಳಗೆ ಅವರೂ ಸಹಿ ಹಾಕಿದರು. ಅಪ್ಪನ ಮುಖವನ್ನು ಆ ದಿನ ನಾನು ನೇರವಾಗಿ ನೋಡಲಿಲ್ಲ.

ಕಾಗದ ಹಿಡಿದುಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ. ಚಾಲಕರು ಸ್ಟ್ಯಾಂಡಿನಲ್ಲಿ ಬೇರೆ ಯಾರದೋ ವ್ಯಾನನ್ನು ಒರೆಸುತ್ತಿದ್ದರು. ಲಾಡ್ಜಿನವರು ಹಿಂದಿನ ವಾರವೇ ಇನ್ನೊಬ್ಬರನ್ನು ಗೊತ್ತುಮಾಡಿಕೊಂಡಿದ್ದರು. ಇವರು ದಿನಗೂಲಿಯ ಮೇಲೆ ಆ ವ್ಯಾನು ಓಡಿಸಲು ಸೇರಿದ್ದರು. ಅಕ್ಕಪಕ್ಕದ ಚಾಲಕರು, ಏನ್ ಯಜಮಾನ್ರೆ, ಕಂಪನಿಯಿಂದ ಮೇಡಂ ಬಂದವ್ರಾ ಎಂದು ರೇಗಿಸಿದರು. ಅವರು ಕಾಗದ ತೆಗೆದುಕೊಂಡು, ಒಂದೊಂದು ಸಾಲಿನ ಕೆಳಗೂ ಬೆರಳಾಡಿಸುತ್ತ ಓದಿದರು. ಓದಿ ಮಡಿಸಿ ಜೇಬಿಗಿಟ್ಟುಕೊಂಡ ಮೇಲೆ, ಸಂಕೋಚಪಡುತ್ತಲೇ ಒಂದು ಸಲಹೆ ಕೇಳಿದರು. ಕೇಳಬಾರದಾಗಿತ್ತು, ನನ್ನನ್ನಂತೂ ಕೇಳಬಾರದಾಗಿತ್ತು.

"ಆ ಒಂದ್ ಷೇರ್ ಐತಲ್ಲ ಮೇಡಂ, ಮಡಿಕ್ಕಳ್ಳಾದಾ ಮಾರಾದಾ? ನೀವ್ ಮಡಿಕ್ಕಂಡಿದೀರಲ್ಲ, ಅದ್ಕೆ ಕೇಳ್ದೆ."

ಸುಳ್ಳು ನಾಲಗೆಯ ತುದಿಯಲ್ಲಿತ್ತು. ಮಾರಿದ್ದೇನೆ ಎಂದೆ. ಯಾವತ್ತು ಎಂದರು. ಹೇಳಿದೆ. ಅವರು ವ್ಯಾನಿನ ಗಾಜನ್ನು ನೋಡುತ್ತ ಲೆಕ್ಕ ಹಾಕಿದರು.

"ಅವತ್ತೇ ನಾನ್ ಪೋನ್ ಮಾಡಿದ್ದು. ಇನ್ನೇನ್ ಆಯ್ತು ಅಂದ್ರಿ."

ಒರೆಸುವ ಬಟ್ಟೆಯನ್ನು ಹಿಂಡಿ ಮತ್ತೆ ಕೆಲಸಕ್ಕೆ ತೊಡಗಿದರು. ನಾನು ಬಸ್ಸು ಹತ್ತುವವರೆಗೂ ಅವರು ಈ ಕಡೆ ತಿರುಗಲಿಲ್ಲ.

ಕಂಪನಿಯ ಉತ್ತರ ಬಂತು. ನನ್ನ ಹೇಳಿಕೆಯನ್ನು ನಂಬಲು ಅವರು ಒಂದೇ ಒಂದು ಸ್ಪಷ್ಟೀಕರಣ ಕೇಳಿದ್ದರು: ಇಷ್ಟು ಕಾರುಗಳು ಇಷ್ಟು ಸಲ ನಿಂತಿದ್ದರೆ ಆಗಲೇ ಏಕೆ ದೂರು ಕೊಡಲಿಲ್ಲ? ತೃಪ್ತಿಕರವಾದ ಉತ್ತರ ಬರದಿದ್ದರೆ ಹೇಳಿಕೆಯನ್ನು ಪರಿಗಣಿಸಲಾಗುವುದಿಲ್ಲ. ಆ ಕಾಗದವನ್ನು ಚಾಲಕರೇ ಹಾಸನಕ್ಕೆ ತಂದರು. ಈ ಸಲ ಒಳಗೆ ಬರಲಿಲ್ಲ, ಜಗಲಿಯ ಮೇಲೆ ಕೂತರು.

ಕಂಪನಿಯ ಈ ಪ್ರಶ್ನೆಯನ್ನು ಓದಿ ನನಗೆ ಮೊದಲು ಬಂದದ್ದು ಕೋಪ. ತಮ್ಮ ದೋಷವನ್ನು ಹುಡುಕುವುದು ಯಾರ ಕೆಲಸ? ನಡುರಸ್ತೆಯಲ್ಲಿ ಕಪ್ಪಾಗುವ ಪರದೆಯ ಹಿಂದೆ ಏನಾಗುತ್ತಿದೆಯೆಂದು ತಿಳಿಯಲು ಅವರಿಗೆ ಗಿರಾಕಿಯ ದೂರೇ ಬೇಕೆ? ಈ ಪ್ರಶ್ನೆಗಳನ್ನು ನಾನು ಈಗಲೂ ಕೇಳುತ್ತೇನೆ. ಎಲ್ಲೆಲ್ಲಿ ಎಷ್ಟು ಕಾರುಗಳು ಹೀಗೆ ನಿಂತಿವೆಯೆಂದು ಕಂಪನಿ ಬಹಿರಂಗವಾಗಿ ಹೇಳಬೇಕು. ಆದರೆ ಹೀಗೆ ಕೇಳುವ ನನ್ನ ಹಕ್ಕು, ಅವರು ಕೇಳಿದ ಒಂದು ಪ್ರಶ್ನೆಗೆ ನಾನು ಉತ್ತರ ಕೊಟ್ಟ ಮೇಲೆ ಶುರುವಾಗುತ್ತದೆ. ಅದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು.

ಒಂದು ಹಾಳೆ ತೆಗೆದುಕೊಂಡು, ತಾಂತ್ರಿಕ ತಿಳಿವಳಿಕೆಯ ಕೊರತೆಯಿಂದ ದೂರು ಸಲ್ಲಿಸಲಾಗಲಿಲ್ಲ ಎಂದು ಬರೆದು ಅವರಿಗೆ ಓದಿ ಹೇಳಿದೆ. ಜಗಲಿಯ ಮೇಲಿನಿಂದ ಅವರು ಕೇಳಿದರು:

"ಪೇಪರ್ನಾಗೆ ನೀವು ಆಪೀಸ್ನೋರ್ಗೆ ಬಯ್ಯಾದು ಇಂಥ ಉತ್ರಕ್ಕೆ ಅಲ್ವಾ ಮೇಡಂ?"

ಹಾಳೆಯನ್ನು ಹರಿದೆ. ಇನ್ನೊಂದರ ಮೇಲೆ ಬರೆದೆ: ದೂರು ಕೊಟ್ಟರೆ ಷೇರಿನ ಬೆಲೆ ಬೀಳುತ್ತದೆಂಬ ಭಯದಿಂದ ದೋಷವನ್ನು ಬೇಕೆಂದೇ ಮುಚ್ಚಿಟ್ಟೆವು. ಲಾಂಛನಕ್ಕೆ ಗೋಣಿತಾಟು ಕಟ್ಟುವ ನಿಯಮವನ್ನು ನಾನೇ ಬರೆದೆ. ಅದು ಇಂಥ ದಿನದ ಸಂದೇಶ, ಪ್ರತಿ ಲಗತ್ತಿಸಿದೆ. ಅಪ್ಪನ ಡೈರಿಯ ಪುಟಗಳ ಪ್ರತಿಯೂ ಇದೆ. ಓದಿ ಹೇಳಿದೆ. ಅವರು ಇನ್ನೊಂದು ಸಾಲು ಸೇರಿಸಲು ಹೇಳಿದರು. "ನಾನ್ ತಗಳ್ಳಾ ಅಂತ ಕೇಳ್ದಾಗ ನಿಮ್ಗೆ ಗೊತ್ತಿತ್ತು. ಅದ್ನೂ ಬರೀರಿ." ಅದನ್ನೂ ಬರೆದು ಸಹಿ ಹಾಕಿದೆ. ಅಕ್ಷರಗಳು ಎಂದಿನಂತೆ ಅಚ್ಚುಕಟ್ಟಾಗಿಯೇ ಬಂದವು. ಅವರು ಆ ಹಾಳೆಯನ್ನು ಬೀದಿಯ ಕೊನೆಯ ಅಂಗಡಿಗೆ ಒಯ್ದು ಜೆರಾಕ್ಸ್ ಮಾಡಿಸಿದರು. ಒಂದು ಪ್ರತಿಯನ್ನು ತಂದು ನನ್ನ ಕೈಗೆ 'ಪೇಪರಿಗೆ' ಎಂದು ಕೊಟ್ಟು ಹೋದರು.

ಷೇರು ಮಾರಿದ ದಿನವನ್ನೂ ಕೆಳಗೆ ಸೇರಿಸಿ ಅದನ್ನು ಅಚ್ಚು ಹಾಕಿಸಿದೆ. ಅದೇ ದಿನ ನನ್ನನ್ನು ಬಳಗದ ಗುಂಪಿನಿಂದ ತೆಗೆದರು. ಸಾಹುಕಾರರು ಫೋನು ಮಾಡಿ, ತಾನ್ ಮಾರ್ಕಂಡು ನಮ್ಮನ್ನ ಮುಳುಗ್ಸಿದ್ಲು ಅಂತ ಎಲ್ರೂ ಮಾತಾಡ್ತಾವ್ರೆ ಎಂದರು. ಅವರೆಲ್ಲರ ಮೇಲೂ ನನಗೆ ಸಿಟ್ಟಿದೆ. ಆದರೆ ಅವರು ಹೇಳಿದ್ದು ನಿಜ.

ಕಂಪನಿಯವರು ಬಂದು ಚಾಲಕರ ಕಾರನ್ನು ಮತ್ತೆ ಪರೀಕ್ಷೆಗೆ ಒಯ್ದರು. ಕೆಲವು ವಾರಗಳ ನಂತರ ಹೊಸ ಬ್ಯಾಟರಿ ಹಾಕಿಕೊಟ್ಟರು. ಜೊತೆಗೆ ಬಂದ ಕಾಗದದಲ್ಲಿ ದೋಷವೆಂಬ ಮಾತೇ ಇರಲಿಲ್ಲ; ಗ್ರಾಹಕರ ಮೇಲಿನ ವಿಶ್ವಾಸಕ್ಕಾಗಿ ಎಂದಿತ್ತಂತೆ. ಲಾಡ್ಜಿನವರು ಅವರನ್ನು ಮತ್ತೆ ಕರೆಯಲಿಲ್ಲ. ಈಗ ಅವರು ಚನ್ನರಾಯಪಟ್ಟಣದ ಸ್ಟ್ಯಾಂಡಿನಲ್ಲಿ ಸರದಿಗೆ ನಿಂತು ಸಿಕ್ಕಿದ ಬಾಡಿಗೆ ಹೊಡೆಯುತ್ತಾರೆ.

ಇದೆಲ್ಲ ನನಗೆ ತಿಳಿದದ್ದು ಅಪ್ಪನಿಂದ. ಬ್ಯಾಟರಿ ಬಂದ ದಿನ ಚಾಲಕರು ಫೋನು ಮಾಡಿದ್ದು ಅಪ್ಪನಿಗೆ. ನಾನು ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮಗಳು ಇಲ್ಲೇ ಇದ್ದಾಳೆ, ಕೊಡಲೇ ಎಂದು ಅಪ್ಪ ಕೇಳಿದ್ದು ಕೇಳಿಸಿತು. ಎದ್ದು ಬಾಗಿಲಿಗೆ ಬಂದೆ. ಅಪ್ಪ ಅಷ್ಟರಲ್ಲಿ ಫೋನನ್ನು ಕಿವಿಯಿಂದ ಇಳಿಸಿದ್ದರು.

"ಬ್ಯಾಡ ಸಾ, ನೀವೇ ಹೇಳ್ಬುಡಿ ಅಂದ್ರು," ಎಂದರು.